ಮೂರನೇ ಮನೆಯ ಹಲ್ಲಿನ ಸೆಟ್ಟು

"ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?..."

ಹಲ್ಲಿನ ಸೆಟ್ಟು ಮಾಡುವ ಹೆಂಗಸು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಎರಡೂ ಕೈಗೆ ಗುಲಾಬಿ ಬಣ್ಣದ ಮೇಣ ಮೆತ್ತಿಕೊಂಡಿತ್ತು. ಬೆಳಗ್ಗೆಯಿಂದ ಅವಳ ಮುಖ ಹುಳ್ಳಗೇ ಇತ್ತು. ಹೋದ ವಾರ ಮಾಡಿ ಕಳಿಸಿದ್ದ ಸೆಟ್ಟೊಂದು ದಂತವೈದ್ಯರ ಕಡೆಯಿಂದ ವಾಪಸ್ ಬಂದು ಮೇಜಿನ ಮೇಲೆ ಹಲ್ಲು ಕಿರಿದುಕೊಂಡು ಕೂತಿತ್ತು. ಅದರ ಜೊತೆಗೊಂದು ಚೀಟಿ: 'ಸರಿಯಿಲ್ಲವಂತೆ.' ಅಷ್ಟೇ. ಏನು ಸರಿಯಿಲ್ಲ, ಎಲ್ಲಿ ಸರಿಯಿಲ್ಲ, ಒಂದಕ್ಷರವಿಲ್ಲ.

"ಗುಂಡುಪಿನ್ನಾ?... ಹೌದು, ನಾನೇ ಗುಂಡುಪಿನ್ನು. ನಂಬರ್ ಎಲ್ಲಿ ಸಿಕ್ತು ನಿಮಗೆ?... ಬ್ಲಾಗಿನಲ್ಲಾ? ಅಯ್ಯೋ, ಅದು ಇನ್ನೂ ಅಲ್ಲೇ ಇದೆಯಾ!..."

ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ವಿಡಿಯೋ ಗೇಮ್ ಆಡುವುದು, ಆಡಿದ್ದರ ಬಗ್ಗೆ ಬಾಯಿಗೆ ಬಂದದ್ದನ್ನು ಬರೆದು 'ಆಡಿ ಬಿಸಾಕಿದ್ದು' ಎಂಬ ತನ್ನ ಬ್ಲಾಗಿಗೆ ಹಾಕುವುದು ಅವಳ ಆರು ವರ್ಷದ ಹವ್ಯಾಸ. ಅಲ್ಲಿ ಅವಳ ಹೆಸರು ಗುಂಡುಪಿನ್ನು. ಪುಟದ ಅಡಿಯಲ್ಲಿ 'ಬೈಯೋದಿದ್ರೆ ಫೋನ್ ಮಾಡಿ' ಎಂದು ನಂಬರು ಹಾಕಿದ್ದಳು. ಈ ಆರು ವರ್ಷದಲ್ಲಿ ಬೈಯುವುದಕ್ಕೂ ಒಬ್ಬರು ಫೋನ್ ಮಾಡಿರಲಿಲ್ಲ.

"ಯಾವ ಆಟ?... 'ಕಟ್ಟಿಕೊಂಡ ನೀರು'... ಓ, ಆ ಸಿಂಕ್ ಆಟನಾ! ಛೀ ಛೀ ಛೀ. ನೀವೇನಾ ಮಾಡಿದ್ದು?... ಒಬ್ರೇನಾ?... ಐದು ವರ್ಷ? ಅಷ್ಟು ವರ್ಷ ಆ ಕೂದಲುಂಡೆ ಜೊತೆ ಇದ್ರಾ ನೀವು?... ಕೆಲಸ ಏನ್ಮಾಡ್ತೀರಿ?... ಪ್ಲಂಬರ್ರಾ! ನಿಜವಾದ ಪ್ಲಂಬರ್ರಾ? ಹಾಗನ್ನಿ ಮತ್ತೆ. ಅಷ್ಟು ಗಲೀಜು ಅಷ್ಟು ಚೆನ್ನಾಗಿ ಹೇಗೆ ಗೊತ್ತಪ್ಪಾ ಈ ಮನುಷ್ಯನಿಗೆ ಅಂದ್ಕೊಂಡಿದ್ದೆ..."

ಆಟ ಶುರುವಾಗುತ್ತಲೇ ಆಡುವವರ ಕೈ ನೇರವಾಗಿ ಒಂದು ಮನೆಯ ಸಿಂಕಿನೊಳಕ್ಕೆ ಹೋಗುತ್ತದೆ. ಅಲ್ಲಿಂದ ಲೋಳೆ, ಜಿಡ್ಡು, ಕೊಳೆತ ಸೊಪ್ಪು, ಕೂದಲು. ಎಳೆದಷ್ಟೂ ಕೂದಲು. ಪಿಚಕ್ ಪಿಚಕ್ ಎಂಬ ಸದ್ದು ಬೇರೆ. ದಿನವಿಡೀ ಕಂಡವರ ಬಾಯಿಯ ಅಚ್ಚುಗಳಲ್ಲಿ ಬೆರಳಾಡಿಸುವ ಹೆಂಗಸು, ಆ ಸದ್ದಿಗೆ ಹೇಸಿ ಬಚ್ಚಲಿಗೆ ಓಡಿದ್ದಳು.

"ನೋಡಿ ಸ್ವಾಮಿ, ಬೇಜಾರು ಮಾಡ್ಕೋಬೇಡಿ. ನಾನು ಬರೆದದ್ದು ಬರೆದೆ. 'ಈ ಆಟ ಆಡೋ ಬದಲು ನಿಮ್ಮ ಮನೆ ಮೋರಿ ತೊಳೀರಿ, ಅತ್ತೆಯಾದ್ರೂ ಮೆಚ್ಚುತ್ತಾರೆ' ಅಂತ ಬರೆದಿದ್ದೆ ಅಲ್ವಾ? ಅದನ್ನ ತೆಗೆದುಬಿಡಿ ಅಂದ್ರೆ ತೆಗೆಯಲ್ಲ... ತೆಗೆಯೋದು ಬೇಡ್ವಾ? ಮತ್ತೇನು?... ಏನಂದ್ರಿ?... ಇನ್ನೊಂದ್ಸಲ ಹೇಳಿ... ಮರ್ಯಾದೆಯಾಗಿ ಬೈಬೇಕಾ?"

ಪಕ್ಕದ ಮೇಜಿನಲ್ಲಿ ಹಲ್ಲಿಗೆ ಪಾಲಿಶ್ ಮಾಡುತ್ತಿದ್ದ ಜೊತೆ ಕೆಲಸದ ಅಕ್ಕ ಯಂತ್ರ ನಿಲ್ಲಿಸಿ ಇತ್ತ ನೋಡಿದಳು. ಇವಳು ಹುಬ್ಬು ಹಾರಿಸಿ, ಹುಚ್ಚ ಎಂದು ಕೈಸನ್ನೆ ಮಾಡಿ ತೋರಿಸಿದಳು.

"ಹಾಂ, ಹೇಳಿ... ಲೈಬ್ರರಿಯವರು... ಹಾಂ... ಊರಿನವರೇ ಮಾಡಿದ ಆಟಗಳಿಗೆ ಒಂದು ಕಪಾಟು ಇಡ್ತಿದ್ದಾರೆ. ಸರಿ... ಜೊತೆಗೊಂದು ವಿಮರ್ಶೆ ಬೇಕು, ಹೊಗಳಿದ್ರೂ ಸೈ, ತೆಗಳಿದ್ರೂ ಸೈ, ಶಿಸ್ತಾಗಿರಬೇಕು... ನನ್ನದನ್ನ ಕೊಟ್ರಾ? ಕೊಟ್ಟೇಬಿಟ್ರಾ? ಏನಂದ್ರು?... 'ಇದು ವಿಮರ್ಶೆ ಅಲ್ಲ, ವಾಂತಿ' ಅಂದ್ರಾ! ಯಾರ್ರೀ ಅವರು? ಅವರಿಗೇನು ಗೊತ್ತು ಗೇಮ್ ವಿಚಾರ?..."

"ಬೇರೆ ಯಾರ ಹತ್ರನಾದ್ರೂ ಬರೆಸಿ... ಯಾರೂ ಬರೆದಿಲ್ವಾ? ಪ್ರಪಂಚದಲ್ಲಿ ನಾನೊಬ್ಬಳೇನಾ?... ಯಾವತ್ತು ಕೊಡ್ಬೇಕು?... ಇವತ್ತು ಐದು ಗಂಟೆಗಾ! ಈಗಾಗ್ಲೇ ಎರಡೂಕಾಲು ಕಣ್ರೀ... ಮತ್ತೆ ಯಾವಾಗ ತಗೋತಾರೆ?... ಇದೇ ಕೊನೇನಾ... ಹ್ಮ್..."

ಅವಳಿಗೆ ಕೆಟ್ಟ ಕೋಪ ಬಂತು. ಶಿಸ್ತಾಗಿ ಬರೆಯುವ ವಿಮರ್ಶಕರೆಂದರೆ ಅವಳಿಗೆ ಸಿಂಕಿನ ಲೋಳೆಗಿಂತ ಅಸಹ್ಯ. ಒಂದು ಆಟ ಚೆನ್ನಾಗಿದೆ ಎನ್ನುವುದಕ್ಕೆ ನಾಲ್ಕು ಪುಟ ಸುತ್ತುವವರು, ಕೊನೆಗೂ ಚೆನ್ನಾಗಿದೆ ಎನ್ನದವರು.

"ಬರೆದುಕೊಡ್ಲಾ? ಕೇಳಿ ಹಾಗಾದ್ರೆ. 'ಪ್ರಸ್ತುತ ಆಟವು ನೈರ್ಮಲ್ಯ ಕಾರ್ಯಕರ್ತನೊಬ್ಬನ ಬದುಕನ್ನು ಮನೋಜ್ಞವಾಗಿ ಕಟ್ಟಿಕೊಡುತ್ತದೆ. ಕೂದಲಿನ ಎಳೆಗಳು ಮಾನವ ಸಂಬಂಧಗಳ ಸಂಕೀರ್ಣತೆಯನ್ನು...' ಥೂ! ಬಾಯಿ ಮುಕ್ಕಳಿಸ್ಬೇಕು ನಾನೀಗ. ಮನೋಜ್ಞ ಅನ್ನೋರನ್ನ ಕಂಡ್ರೆ ಆಗಲ್ಲ ಕಣ್ರೀ ನನಗೆ. ಮನೆಯಲ್ಲಿ ಹಾಗೆ ಮಾತಾಡ್ತಾರಾ ಅವರು? ಹೆಂಡತಿ ಕಾಫಿ ಕೊಟ್ರೆ 'ಮನೋಜ್ಞವಾಗಿದೆ' ಅಂತಾರಾ?... ನಗಬೇಡಿ, ನಾನು ಸೀರಿಯಸ್ಸಾಗಿ ಕೇಳ್ತಿದ್ದೀನಿ..."

"ಅಲ್ಲ ಸ್ವಾಮಿ, ನಾನೇನು ಪತ್ರಿಕೆಗೆ ಬರೆಯೋಳಾ? ಹವ್ಯಾಸಕ್ಕೆ ಬರೀತೀನಿ. ಗೆಳತಿಗೆ ಫೋನಿನಲ್ಲಿ ಹೇಳೋ ಹಾಗೆ ಬರೀತೀನಿ. ನನ್ನ ಓದೋರು ಇನ್ನೂರ ಹದಿನಾಲ್ಕು ಜನ, ಅವರೆಲ್ಲ ನನ್ನ ಬಾಯಿ ಕೇಳೋಕೆ ಬರ್ತಾರೆ. ಇಸ್ತ್ರಿ ಹಾಕಿದ ಭಾಷೆ ಅವರಿಗೆ ಬೇಡ, ನನಗೂ ಬೇಡ... ಏನು? ಅದೇನೋ ಗುಂಯ್ ಅಂತಿದೆ, ಎಲ್ಲಿದ್ದೀರಿ?... ಯಾರದೋ ಮನೆ ಬಚ್ಚಲಲ್ಲಾ! ಈಗಲೂ ಕೈ ಒಳಗೇ ಇದೆಯಾ? ಛೀ, ಕೈ ತೊಳ್ಕೊಂಡು ಮಾತಾಡಿ ಮಾರಾಯ್ರೇ..."

"ನಾನು ಬರೆದದ್ದು ಓದಿ ನೋವಾಯ್ತಾ?... ಆಗ್ಲೇಬೇಕು, ನನಗೂ ಆಗತ್ತೆ. ಇವತ್ತು ಬೆಳಗ್ಗೆ ಏನಾಯ್ತು ಕೇಳಿ. ಒಬ್ಬರಜ್ಜಿಗೆ ಸೆಟ್ಟು ಮಾಡಿ ಕಳಿಸಿದ್ದೆ. ಒಂದೊಂದು ಹಲ್ಲನ್ನೂ ಬಣ್ಣದ ಕಾಗದ ಕಚ್ಚಿಸಿ ನೋಡಿ, ಎಲ್ಲಿ ಎತ್ತರ ಎಲ್ಲಿ ತಗ್ಗು ಅಂತ ಉಜ್ಜಿ ಉಜ್ಜಿ ಮಾಡಿದ್ದು. ಆ ಯಮ್ಮ ಹತ್ತು ನಿಮಿಷ ಬಾಯಲ್ಲಿಟ್ಕೊಂಡು ಥೂ ಅಂತ ತೆಗೆದು ಕೊಟ್ಟಿದ್ದಾರಂತೆ, ಸೆಟ್ಟು ವಾಪಸ್ ತಂದವನು ಹೇಳ್ದ. ಸರಿಯಿಲ್ಲವಂತೆ! ಮೊದಮೊದಲು ಒತ್ತತ್ತೆ ಕಣ್ರೀ, ವಾಕರಿಕೆನೂ ಬರತ್ತೆ. ಹದಿನೈದು ದಿನ ಹಾಕ್ಕೊಂಡು ಉಣ್ಣಬೇಕು, ಜಗಳ ಆಡಬೇಕು, ನಗಬೇಕು, ಆಮೇಲೆ ಹೇಳಬೇಕು ಸರಿಯೋ ಸರಿಯಿಲ್ವೋ ಅಂತ. ಹತ್ತು ನಿಮಿಷದವಳ ಮಾತು ಒಂದು ಮಾತಾ?... ಅಲ್ವಾ? ನೀವೇ ಹೇಳಿ... ಹಾಂ, ಹಾಗೆ ಹೇಳಿ ಮತ್ತೆ!"

ಹೊಟ್ಟೆಯೊಳಗಿನದನ್ನು ಕಕ್ಕಿದ ಮೇಲೆ ಅವಳಿಗೆ ಸ್ವಲ್ಪ ಹಗುರವಾಯಿತು. ಪಾಪ, ಈ ಮನುಷ್ಯ ದನಿ ಏರಿಸದೆ ಎಲ್ಲಕ್ಕೂ ಹೂಂಗುಡುತ್ತಿದ್ದಾನೆ. ಕಪಾಟಿನಲ್ಲಿ ಒಂದು ಗೇಣು ಜಾಗ ಕೇಳುತ್ತಿದ್ದಾನೆ, ಅಷ್ಟೇ ತಾನೇ? ಬೈಗುಳವನ್ನೇ ಇಸ್ತ್ರಿ ಮಾಡಿ ಕೊಟ್ಟರೆ ತನ್ನ ಗಂಟೇನು ಹೋಗುತ್ತದೆ? ಅವಳು ಕೈಯ ಮೇಣವನ್ನು ಮೇಲಂಗಿಗೆ ಒರೆಸಿಕೊಂಡು ಪೆನ್ಸಿಲ್ ತೆಗೆದಳು. ಬರೆಯಲು ಬೇರೇನೂ ಕೈಗೆ ಸಿಗದೆ 'ಸರಿಯಿಲ್ಲವಂತೆ' ಚೀಟಿಯನ್ನೇ ಮಗುಚಿ ಹಾಕಿಕೊಂಡಳು.

"ಸರಿ, ಆಯ್ತು, ಬರೆದುಕೊಡ್ತೀನಿ. ಹೇಳಿ, ಏನೇನು ಇರಬೇಕು ಅದರಲ್ಲಿ?... ಆಟದ ಹೆಸರು, ಹಾಂ... ಮಾಡಿದವರು... ವಿಮರ್ಶಕರ ವೃತ್ತಿ. ಹಲ್ಲು ಮಾಡೋದು ಅಂತ ಬರೀಲಾ? ಬರೆದೆ... ಆಮೇಲೆ?... ಎಷ್ಟು ಗಂಟೆ ಆಡಿದ್ದೀರಿ..."

ಪೆನ್ಸಿಲ್ ಅಲ್ಲೇ ನಿಂತಿತು.

"ಅದೇನ್ರೀ ಅದು? ಅದೆಲ್ಲ ಯಾಕೆ ಬೇಕು ಅವರಿಗೆ?... ಎಷ್ಟು ಮನೆ ಮುಗಿಸಿದ್ದೀರಿ ಅಂತಲೂ ಬರೀಬೇಕಾ?... ಏಳು ಮನೆ ಇದೆಯಾ ಒಟ್ಟು? ಅಂದ್ರೆ, ಇದೆ ಅಲ್ವಾ, ಏಳು. ಗೊತ್ತು ಗೊತ್ತು... ಮುಂದಿನದು ಹೇಳಿ, ಅದನ್ನ ಆಮೇಲೆ ತುಂಬೋಣ..."

ಅವಳು ಆಡಿದ್ದು ಹನ್ನೊಂದು ನಿಮಿಷ. ಮೊದಲ ಮನೆಯ ಸಿಂಕಿನಲ್ಲಿ ಕೂದಲುಂಡೆ ಇನ್ನೂ ಅರ್ಧ ಒಳಗಿರುವಾಗಲೇ ಆಟ ಮುಚ್ಚಿ, ಬಚ್ಚಲಿಗೆ ಓಡಿ, ಬಾಯಿ ತೊಳೆದು ಬಂದು, ಅದೇ ಬಿಸಿಯಲ್ಲಿ ಒಂದು ಗಂಟೆ ಕೂತು ಆ ಬರಹ ಬರೆದಿದ್ದಳು. ಆಡಿದ್ದಕ್ಕಿಂತ ಬರೆದದ್ದೇ ಹೆಚ್ಚು. ಬಾಯಿಗೆ ಬಂದ ಹಾಗೆ ಬರೆದಾಗ ಎಷ್ಟು ಆಡಿದೆ ಎಂದು ಯಾರೂ ಕೇಳಿರಲಿಲ್ಲ. ಇನ್ನೂರ ಹದಿನಾಲ್ಕು ಜನ ಬಿದ್ದು ಬಿದ್ದು ನಕ್ಕಿದ್ದರು, ಅಷ್ಟೇ. ಹಾಗೆ ಬರೆದು ಮುಗಿಸಿದ ಆಟ ಇದೊಂದೇ ಅಲ್ಲ ಎನ್ನುವುದು ಅವಳಿಗೆ ಈಗ, ಬೇಡವಾದ ಹೊತ್ತಿನಲ್ಲಿ, ನೆನಪಾಯಿತು.

"ಮೂರನೇ ಮನೆಯಾ?... ಹಾಂ, ಮೂರನೇ ಮನೆ. ಪರವಾಗಿಲ್ಲ, ಚೆನ್ನಾಗಿತ್ತು ಮೂರನೇ ಮನೆ... ಅದೂ ಸಿಂಕೇ ತಾನೇ?... ಏನು?... ಹಲ್ಲಾ? ಯಾವ ಹಲ್ಲು?..."

ಪಾಲಿಶ್ ಯಂತ್ರ ಮತ್ತೆ ಗರ್ರೆಂದಿತು. ಇವಳು ಕೈಯೆತ್ತಿ ನಿಲ್ಲಿಸಲು ಹೇಳಿದಳು. ಅಕ್ಕ ನಿಲ್ಲಿಸಿದಳು.

"ಹೇಳಿ... ಒಬ್ಬರು ತಾತ... ಹಾಂ... ಮಗಳ ಮನೆಯಲ್ಲಿದ್ದಾರೆ... ಹೂಂ... ತಿಂಗಳಿಂದ ಬಾಯೇ ಬಿಟ್ಟಿಲ್ಲ. ಮಗಳು ಅಂದ್ಕೊಂಡಿದ್ದಾಳೆ ಅಪ್ಪನಿಗೆ ತನ್ನ ಮೇಲೆ ಸಿಟ್ಟು ಅಂತ... ಹೂಂ... ವಾಶ್ ಬೇಸಿನ್ ಕಟ್ಟಿಕೊಂಡಿದೆ ಅಂತ ಪ್ಲಂಬರನ್ನ ಕರೆಸ್ತಾಳೆ... ಪೈಪಿನಲ್ಲಿ..."

"ಪೈಪಿನಲ್ಲಿ ಹಲ್ಲಿನ ಸೆಟ್ಟು."

"...ಹಲ್ಲು ಬೇಸಿನ್ನಿಗೆ ಬಿತ್ತು ಅಂದ್ರೆ ನಗ್ತಾರೆ ಅಂತ ಬಾಯಿ ಮುಚ್ಕೊಂಡಿದ್ರಾ ತಾತ? ಹೊಸದು ಮಾಡಿಸಿಕೊಡು ಅಂತಾನೂ ಕೇಳಿರಲಿಲ್ವಾ?... ನಿಜವಾಗಿ ಆದದ್ದಾ ಇದು? ನೀವೇ ತೆಗೆದ್ರಾ?... ಹ್ಮ್..."

ಅವಳು ಮೇಜಿನ ಮೇಲಿನ ಸೆಟ್ಟನ್ನು ನೋಡಿದಳು. ಬೇಕೆಂದು ನೋಡಲಿಲ್ಲ, ಅದು ಎದುರಿಗೇ ಇತ್ತು.

"ಆ ಹಲ್ಲು ಒಂದಕ್ಕೇ ಎರಡು ವರ್ಷ ತಗೊಂಡ್ರಾ?... ತಾತನ ಬಾಯಿಗೆ ಅದನ್ನ ಆಡೋರೇ ಕೈಯಾರೆ ಕೂರಿಸಬೇಕಾ?... ಸರಿಯಾಗಿ ಕೂತಿದೆಯೋ ಇಲ್ವೋ ಅಂತ ನಿಮಗೆ ಯಾರೂ ಹೇಳೋರಿರಲಿಲ್ಲ... ಹಾಂ... ಎಷ್ಟು ಜನಕ್ಕೆ ಕಳಿಸಿದ್ರಿ ಆಟನ? ಬ್ಲಾಗ್ ಬರೆಯೋರು ಬೇಕಾದಷ್ಟು ಜನ ಇದ್ದಾರಲ್ಲ... ನನಗೊಬ್ಬಳಿಗೇನಾ?... ಯಾಕೆ?... ಹೌದು, ಬರ್ಕೊಂಡಿದ್ದೀನಿ ಅಲ್ಲಿ, ಹಗಲು ಹೊತ್ತು ಹಲ್ಲು ಮಾಡ್ತೀನಿ ಅಂತ. ತಮಾಷೆಗೆ ಬರ್ಕೊಂಡಿದ್ದು ಅದು..."

ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ಇದ್ದೀನಿ, ಇದ್ದೀನಿ. ಲೈನಲ್ಲೇ ಇದ್ದೀನಿ."

ಆವತ್ತು ಬಚ್ಚಲಿಗೆ ಓಡಿಸಿದ್ದ ಅದೇ ಹೇಸಿಗೆ ಮತ್ತೆ ಮೇಲೆ ಬಂತು. ಈ ಸಲ ಅದು ಲೋಳೆಯದೂ ಅಲ್ಲ, ಕೂದಲಿನದೂ ಅಲ್ಲ, ತನ್ನದೇ. ಇಷ್ಟು ಹೊತ್ತು ಆ ಅಜ್ಜಿಯನ್ನು ಜಾಡಿಸಿದ ಬಾಯಿ ಇದೇ ತಾನೇ?

"ಕೇಳಿ... ನಾನೊಂದು ಹೇಳ್ತೀನಿ, ಬೈಬೇಡಿ. ಬೈದ್ರೂ ಸರಿ, ಅದಕ್ಕೇ ನಂಬರ್ ಹಾಕಿರೋದು. ನಾನು ಮೂರನೇ ಮನೆ ನೋಡಿಲ್ಲ... ಎರಡನೇದೂ ನೋಡಿಲ್ಲ. ಮೊದಲನೇ ಸಿಂಕೇ ಮುಗಿಸಿಲ್ಲ ಕಣ್ರೀ. ಹನ್ನೊಂದು ನಿಮಿಷ ಆಡಿದ್ದು. ಹನ್ನೊಂದೇ ನಿಮಿಷ..."

"...ಹಲೋ?... ಕೇಳಿಸ್ತಾ?..."

"ಏನಾದ್ರೂ ಅನ್ನಿ ಮಾರಾಯ್ರೇ. ಹೀಗೆ ಸುಮ್ಮನಿರಬೇಡಿ... ಪೂರ್ತಿ ಆಡೋಕೆ ಎಷ್ಟು ಹೊತ್ತು ಬೇಕು?... ಆರು ಗಂಟೆ... ಈಗ ಮನೆಗೆ ಓಡಿದ್ರೂ ಐದರೊಳಗೆ ಆಗಲ್ಲ ಅಲ್ವಾ?... ಆಗಲ್ಲ. ಒಂದು ಕೆಲಸ ಮಾಡೋಣ. ಆರು ಗಂಟೆ ಆಡಿದ್ದೀನಿ ಅಂತ ಬರೆದುಬಿಡ್ತೀನಿ. ಏಳೂ ಮನೆ ಮುಗಿಸಿದ್ದೀನಿ ಅಂತ. ಮೂರನೇ ಮನೆ ಕಥೆ ಈಗ ಗೊತ್ತಲ್ಲ, ಮಿಕ್ಕಿದ್ದು ನೀವು ಹೇಳಿ, ಶಿಸ್ತಾಗಿ ಬರೀತೀನಿ, 'ಮನೋಜ್ಞ' ಅಂತಲೂ ಹಾಕ್ತೀನಿ, ಬೇಕಾದ್ರೆ ಎರಡು ಸಲ ಹಾಕ್ತೀನಿ. ಯಾರಿಗೆ ಗೊತ್ತಾಗತ್ತೆ?... ಲೈಬ್ರರಿಯವರೇನು ಬಂದು ನೋಡಿದ್ರಾ?..."

"...ಬೇಡ್ವಾ?..."

"ಅಲ್ಲ ಸ್ವಾಮಿ, ಕಪಾಟು ತಪ್ಪತ್ತೆ... ಇಲ್ಲಿ ಕೇಳಿ, ಹಟ ಮಾಡಬೇಡಿ. ಐದು ವರ್ಷದ ಕೆಲಸ... ಹಾಂ... ಹನ್ನೊಂದು ನಿಮಿಷ ಅಂತಲೇ ಬರೀಲಾ? ಅದನ್ನೇ ಕೊಡ್ತೀರಾ? ಅದನ್ನ ಯಾರು ತಗೋತಾರೆ?... ಅದೂ ಬೇಡ್ವಾ?..."

"ಪರವಾಗಿಲ್ಲ ಅನ್ನಬೇಡಿ ನೀವು. ಪರವಾಗಿಲ್ಲ ಅಂದ್ರೆ ನನಗೆ ಇನ್ನೂ... ಬೈಯಿರಿ ಅಂದೆ ಅಲ್ವಾ, ಬೈಯಿರಿ."

ಆ ಕಡೆ ಯಾರೋ ಮನೆಯವರು ಕರೆದದ್ದು ಅವಳಿಗೂ ಅಸ್ಪಷ್ಟವಾಗಿ ಕೇಳಿಸಿತು. ಆಮೇಲೆ ನಲ್ಲಿಯಲ್ಲಿ ನೀರು ಬಿಟ್ಟ ಸದ್ದು. ಕೆಲಸ ಆಯಿತೋ ಏನೋ, ನೀರು ಸರಾಗವಾಗಿ ಇಳಿದು ಹೋಗುತ್ತಿತ್ತು.

"ಇಡ್ತೀರಾ?... ಒಂದ್ನಿಮಿಷ, ಒಂದೇ ಒಂದ್ನಿಮಿಷ, ಇಡಬೇಡಿ. ಆ ಹಲ್ಲು... ಮೇಲಿನ ಸೆಟ್ಟಾ, ಕೆಳಗಿನದಾ?... ಮೇಲಿನದಾ. ಒಸಡಿಗೆ ಯಾವ ಬಣ್ಣ ಕೊಟ್ಟಿದ್ದೀರಿ? ತೀರಾ ಕೆಂಪಾಗಿದ್ರೆ ಸುಳ್ಳು ಅನ್ನಿಸತ್ತೆ, ಅದಕ್ಕೆ ಕೇಳ್ದೆ... ಹಾಂ... ಮತ್ತೆ ಇನ್ನೊಂದು. ಹಲ್ಲು ಹಾಕ್ಕೊಂಡ ಮೇಲೆ ತಾತ ಮಗಳ ಹತ್ರ ಮಾತಾಡ್ತಾರೆ ಅಲ್ವಾ? ಮೊದಲನೇ ಮಾತು ಏನು?... ಹಲೋ?... ತಿಂಗಳಾದ ಮೇಲೆ ಬಾಯಿ ಬಿಟ್ಟು ಆ ತಾತ ಏನಂತಾರೆ ಅಂದೆ... ಹಲೋ?... ಹಲೋ..."

ಲೈನು ಕಟ್ಟಾಗಿತ್ತು.