ಬಾಗಿಲಿಗೆ ಇಟ್ಟ ಜಾಲಿ ಕಂಟಿ

ಇದು ನಮ್ಮ ಚಿಕ್ಕಮ್ಮನ ಮಗಳು ಸುಷ್ಮಿತಾಗೆ ಆದದ್ದು. ಹೊಳಗುಂದದ ಕಡೆಯ ನಮ್ಮ ಊರಲ್ಲೇ, ಹೋದ ಮೆಣಸಿನಕಾಯಿ ಸುಗ್ಗಿಯಲ್ಲಿ. ನಗುವವರು ಈಗಲೇ ಎದ್ದು ಹೋಗಿ ಮಲಗಿರಿ.

ಆದೋನಿಯ ಕೊನೆಯ ಬಸ್ಸು ಅವಳನ್ನು ಆಲದ ಮರದ ಹತ್ತಿರ ಇಳಿಸಿ ಹೋಯಿತು. ಮರ ದಾಟಿದರೆ ಸೇದುವ ಬಾವಿ. ಬಾವಿ ದಾಟಿದರೆ ಊರು. ಬೀದಿ ದೀಪ? ಹಾಕಿಸಿದ್ದಾರಲ್ಲ, ಹಾಕಿಸಿದವರ ಮನೆ ಮುಂದೆ.

ಅವಳ ತಲೆಯಲ್ಲಿ ಆಗ ದೆವ್ವ ಇರಲಿಲ್ಲ. ಮ್ಯಾನೇಜರ್ ವಾಗೀಶ್ ಇದ್ದ.

ಸುಷ್ಮಿತಾ ಆದೋನಿಯ ಒಂದು ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್. ರೋಗಿಯನ್ನು ಡಿಸ್ಚಾರ್ಜ್ ಮಾಡುವ ಮೊದಲು ಅವಳು ಕೇಳಬೇಕು. ಮನೆಯಲ್ಲಿ ಯಾರಿದ್ದಾರೆ? ಗುಳಿಗೆ ಯಾರು ಕೊಡುತ್ತಾರೆ? ಎತ್ತಿ ಕೂರಿಸುವವರು ಯಾರು? ಅದೇ ಅವಳ ಕೆಲಸ. ಆ ಕೆಲಸ ಅಲ್ಲಿ ಹುಟ್ಟಿದ್ದೇ ನಮ್ಮೂರ ಗಾದಿಲಿಂಗಮ್ಮ ಸತ್ತ ಮೇಲೆ.

ಗಾದಿಲಿಂಗಮ್ಮನನ್ನು ಆ ಆಸ್ಪತ್ರೆಯವರು ಒಂದು ಸಂಜೆ ಆಟೋ ಹತ್ತಿಸಿ ಕಳಿಸಿದ್ದರು. ಆಟೋದವನು ಆಲದ ಮರದ ಹತ್ತಿರ ಇಳಿಸಿ ತಿರುಗಿಕೊಂಡ. ಮನೆಗೆ ಬೀಗ. ಸುಗ್ಗಿಯಲ್ಲಿ ಕೂಲಿಗೆ ಗುಂಟೂರಿಗೆ ಹೋಗುವವರು ಬೀಗ ಹಾಕಿ, ನಾಯಿ, ಮೇಕೆ ಕಟ್ಟೆ ಹತ್ತದ ಹಾಗೆ ಬಾಗಿಲಿಗೆ ಅಡ್ಡ ಒಂದು ಜಾಲಿ ಮುಳ್ಳಿನ ಕಂಟಿ ಇಟ್ಟು ಹೋಗುತ್ತಾರೆ. ಆ ಓಣಿಯಲ್ಲಿ ಎಲ್ಲ ಬಾಗಿಲಿಗೂ ಕಂಟಿಯೇ. ಮುದುಕಿ ಕೂಗಿದರೂ ಕೇಳುವವರು ಯಾರು? ಬೆಳಿಗ್ಗೆ ನೋಡಿದರೆ ಬಾಗಿಲಿಗೆ ಒರಗಿ ಕೂತೇ ಇದ್ದಳು. ಅಂಗೈ ತುಂಬ ಮುಳ್ಳು. ಕೈ ಮೇಲೆ ಸಲೈನಿನ ಸೂಜಿ, ಅದರ ಬಿಳಿ ಪಟ್ಟಿ ಹಾಗೇ ಇತ್ತು. ಅದನ್ನು ಕೀಳುವ ಪುರಸೊತ್ತೂ ಅವರಿಗೆ ಇರಲಿಲ್ಲ.

ಫೋನ್ ಮಾಡಿದ್ದೆವು, ಮಗ ಎತ್ತಿದ ಅಂದರು ಆಸ್ಪತ್ರೆಯವರು. ಎತ್ತಿದ. ಗುಂಟೂರಿನಲ್ಲಿ ಎತ್ತಿದ! ಫೋನೇನು ಗೂಟಕ್ಕೆ ಕಟ್ಟಿದ ಎಮ್ಮೆಯೇ, ಮನೆಯಲ್ಲೇ ಇರಲು?

ಇಷ್ಟು ಗೊತ್ತಿದ್ದೂ ಸುಷ್ಮಿತಾ ಅವತ್ತು ಸೋತು ಬಂದಿದ್ದಳು. ವಾರ್ಡಿನಲ್ಲಿ ಕೋಸಗಿಯ ಆಚೆಯ ಕುರಿ ಕಾಯುವ ಮಾರೆಪ್ಪ ಇದ್ದ. ಲಕ್ವಾ ಹೊಡೆದು ಒಂದು ಕಡೆ ಪೂರಾ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಜೊತೆಯ ಕುರಿಗಾರರು ತಂದು ಸೇರಿಸಿ ತಮ್ಮ ಹಿಂಡಿನ ಹಿಂದೆ ಹೋಗಿದ್ದರು. ಸುಷ್ಮಿತಾ ಅವನ ಮಗ ಸುಂಕೇಶನಿಗೆ ಫೋನ್ ಮಾಡುವಾಗ ವಾಗೀಶ್ ತಲೆಯ ಮೇಲೇ ನಿಂತಿದ್ದ.

"ಎತ್ತಾಡಾ, ಲೇದಾ?" ಎತ್ತಿದನೋ ಇಲ್ಲವೋ ಅಂತ ತೆಲುಗಿನಲ್ಲಿ ಕೇಳಿದ.

"ಎತ್ತ್ಯಾನ ಸಾರ್. ಕಳಸ್ರಿ ಅಂದ. ಆದ್ರ ಇನ್ನೊಂದು ಮಾತು ಕೇಳ್ತೀನಿ..."

"ಕಳಸ್ರಿ ಅಂದನಲ್ಲ, ಸಾಕು. ಬೆಡ್ ಬೇಕು. ನಾಳಿ ಬೆಳಿಗ್ಗಿನ ಗಾಡಿಗೆ ಹಾಕು."

ಅವಳು ಹೂಂ ಅಂದು ಬಂದಿದ್ದಳು.

ಆಲದ ಮರ ದಾಟಿದಳು. ಹಿಂದೆ ಸದ್ದು.

ಸರ್... ಸರ್... ಸರ್...

ಗರಸು ಕಲ್ಲಿನ ದಾರಿಯ ಮೇಲೆ ಮುಳ್ಳು ಎಳೆಯುವ ಸದ್ದು. ಯಾರೋ ಬೇಲಿಗೆ ಒಯ್ಯುತ್ತಿರಬೇಕು ಅಂದುಕೊಂಡಳು. ಅದರೊಳಗೆ ಇನ್ನೊಂದು ಸಣ್ಣ ಸದ್ದು. ಚರಪರ, ಚರಪರ... ಔಷಧಿ ಅಂಗಡಿಯ ಪ್ಲಾಸ್ಟಿಕ್ ಕವರು.

ಅವಳು ನಿಂತಳು. ಸದ್ದೂ ನಿಂತಿತು.

ಬಾವಿಕಟ್ಟೆಯ ಹತ್ತಿರ ಬಂದಾಗ ಪಕ್ಕದಲ್ಲೇ ಪಿಸುಮಾತು.

"ಯವ್ವಾ... ಈ ಕಂಟಿ ಒಂದಿಷ್ಟು ಹಿಡಿ ಬೇ."

ಮುದುಕಿ. ತಲೆ ತುಂಬ ಸೆರಗು. ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ಜಾಲಿ ಕಂಟಿ. ಸುಷ್ಮಿತಾ ಮೊಬೈಲಿನ ಬೆಳಕು ಬಿಟ್ಟಳು. ಕಂಟಿಯ ಬುಡಕ್ಕೆ ಹಳದಿ ಸೀರೆಯ ಅಂಚು ಹರಿದು ಕಟ್ಟಿತ್ತು.

"ಇಷ್ಟೊತ್ತಿನ್ಯಾಗ ಎಲ್ಲಿಗಮ್ಮಾ? ಮನ್ಯಾಗ ಯಾರೂ ಇಲ್ಲೇನು?"

"ಫೋನಂತೂ ಎತ್ತಿದ್ರಂತ..."

ಸುಷ್ಮಿತಾಳ ಬೆಳಕು ಮುದುಕಿಯ ಕೈ ಮೇಲೆ ಬಿತ್ತು. ಬಿಳಿ ಪಟ್ಟಿ. ಪಟ್ಟಿಯ ಕೆಳಗೆ ಸೂಜಿ.

ಹೇಗೋ ಕೇಳಿದಳು. "ಗಾದಿಲಿಂಗತ್ತೀ... ಇದು... ನಿಮ್ಮ ಬಾಗಲದ್ದೇನು?"

"ನಂದು ಮುಗೀತಲ್ಲ ಬೇ." ಮುದುಕಿ ಹತ್ತಿರ ಬಗ್ಗಿದಳು. ಸ್ಪಿರಿಟ್ಟಿನ ವಾಸನೆ. "ಇದು ಮಾರೆಪ್ಪನ ಬಾಗಲದ್ದು. ಕಳಸ್ತೀಯಂತಲ್ಲ... ನೀರು ಯಾರು ಕುಡಸ್ತಾರ?"

ದೊಪ್ ಅಂತ ಕಂಟಿ ಅವಳ ಕಾಲಬುಡಕ್ಕೆ ಬಿತ್ತು.

ಸುಷ್ಮಿತಾ ಹೇಗೆ ಓಡಿದಳೋ! ಮನೆ ಹೊಕ್ಕು ಚಿಲಕ ಹಾಕಿ, ಸುಂಕೇಶನಿಗೆ ಫೋನ್ ಹಚ್ಚಿದಳು.

"ತಮ್ಮಾ, ಈಗ ಎಲ್ಲಿ ನಿಂತು ಮಾತಾಡಾಕತ್ತೀ?"

"ಗುಂಟೂರಾಗ ಅಕ್ಕಾ. ಹೊಲದ ಗುಡಿಸಲಾಗ."

"ಮನ್ಯಾಗ?"

"ಯಾರದಾರ ಅಕ್ಕಾ? ಎಲ್ಲಾರೂ ಇಲ್ಲೇ ಅದೀವಿ."

"ಮತ್ತ ಕಳಸ್ರಿ ಅಂದ್ಯಲ್ಲೋ ಮೂಳಾ!"

"ದೊಡ್ಡೋರು ಕಳಸ್ತೀವಿ ಅಂದಾಗ ಬ್ಯಾಡ ಅನ್ನಾಕ ಬರ್ತೈತೇನಕ್ಕಾ? ನಮ್ಮಪ್ಪನ್ನ ಯಾರೋ ನೋಡ್ಕೊಂತಾರ ಅನ್ಕೊಂಡೆ..."

ಕೊನೆಗೆ ಅವಳು ಕೇಳಬಾರದ್ದನ್ನು ಕೇಳಿದಳು. "ನಿಮ್ಮ ಬಾಗಲಿಗೆ ಕಂಟಿ ಇಟ್ಟೀರೇನು?"

"ಹೂಂ ಅಕ್ಕಾ. ನನ್ನ ಹೆಂಡ್ತಿ ಹಳದಿ ಸೀರಿ ಅಂಚು ಹರಿದು ಬಿಗದಾಳ. ಯಾಕ?"

ಅವಳು ಫೋನ್ ಇಟ್ಟಳು. ಮಲಗಲಿಲ್ಲ. ಹೆದರಿಕೆ ಅಂದುಕೊಂಡಿರೇನು? ಹೆದರಿಕೆ ಎಂದೋ ಇಳಿದಿತ್ತು. ಸಿಟ್ಟು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಆಸ್ಪತ್ರೆಯ ಗಾಡಿಯ ಬಾಗಿಲಿಗೆ ಅಡ್ಡ ನಿಂತಳು. ಮಾರೆಪ್ಪನನ್ನು ಸ್ಟ್ರೆಚರಿನಲ್ಲಿ ಹೊರಗೆ ತಂದಿದ್ದರು. ಅವನು ನೆಟ್ಟಗಿದ್ದ ಕೈಯಿಂದ ಸ್ಟ್ರೆಚರಿನ ಕಂಬಿ ಹಿಡಿದಿದ್ದ, ಬಿಡಿಸಲು ಆಗುತ್ತಿರಲಿಲ್ಲ.

"ಫೋನ್ ಎತ್ತಾಡು ಕದಾ!" ವಾಗೀಶ್ ಕೂಗಿದ.

"ಗುಂಟೂರಾಗ ಎತ್ತ್ಯಾನ. ಮನಿಗೆ ಬೀಗ ಐತಿ. ಗಾಡಿ ಬಿಡಸ್ರಿ ಸಾರ್, ನಾನೂ ಹತ್ತತೀನಿ. ದಾರ್ಯಾಗ ಸಿಕ್ಕ ಪ್ರತಿ ಊರಾಗ ಇಳಿದು ನಿಮ್ಮ ಹೆಸರು ಹೇಳ್ಕೊಂತ ಹೋಗ್ತೀನಿ. ಗಾದಿಲಿಂಗಮ್ಮನ ಹೆಸರೂ ಹೇಳ್ತೀನಿ."

"ಬೆಡ್ ಎಲ್ಲಿಂದ ತರ್ಲಿ?"

ಕಸ ಹೊಡೆಯುತ್ತಿದ್ದ ಆಯಾ ಉಚ್ಚಮ್ಮ ಬಾಯಿ ಹಾಕಿದಳು. "ಸಾರ್ ರೂಮಿನ್ಯಾಗ ಸೋಫಾ ಐತಲ್ಲ. ಮಧ್ಯಾಹ್ನ ಸಾರ್ ಮಲಗಾಕ ಆಗ್ತೈತಿ, ರೋಗಿಗೆ ಆಗಂಗಿಲ್ಲೇನು?"

ಸುತ್ತ ನಿಂತವರು ನಕ್ಕರು. ಆ ನಗು ಮಾಡಿದ ಕೆಲಸವನ್ನು ಯಾವ ನ್ಯಾಯ ಪಂಚಾಯ್ತಿಯೂ ಮಾಡುತ್ತಿರಲಿಲ್ಲ ಬಿಡಿ. ಸ್ಟ್ರೆಚರು ಹಿಂದಕ್ಕೆ ತಿರುಗಿತು. ಸುಂಕೇಶನ ಹೆಂಡತಿ ಸುಗ್ಗಿ ಬಿಟ್ಟು ಬರುವ ತನಕ ಮಾರೆಪ್ಪ ವಾರ್ಡಿನಲ್ಲೇ ಇದ್ದ. ಈಗ ಮಾತು ಅಷ್ಟಿಷ್ಟು ಬರುತ್ತದೆ, ಬೈಗುಳ ಮಾತ್ರ ಪೂರಾ ಬರುತ್ತದೆ.

ಸೊಸೆ ಅವನನ್ನು ಕರೆದುಕೊಂಡು ಹೋದ ದಿನ ಸುಷ್ಮಿತಾಗೆ ಫೋನ್ ಮಾಡಿದಳಂತೆ. ಮನೆಯ ಬೀಗ ಹಾಕಿದ ಹಾಗೇ ಇತ್ತು. ಬಾಗಿಲಿಗೆ ಕಂಟಿ ಇರಲಿಲ್ಲ.

ಇರುವುದು ಹೇಗೆ? ಅದು ನಮ್ಮ ಬಾವಿಕಟ್ಟೆಯ ಹತ್ತಿರ ಬಿದ್ದಿದೆ. ಸುಳ್ಳಲ್ಲ, ನನ್ನ ಮಕ್ಕಳಾಣೆ. ಬುಡಕ್ಕೆ ಹಳದಿ ಅಂಚು. ಒಂದು ಮುಳ್ಳಿಗೆ ಸಿಕ್ಕಿಕೊಂಡ ಬಿಳಿ ಪಟ್ಟಿ, ಸೂಜಿಯ ಮೇಲೆ ಅಂಟಿಸುತ್ತಾರಲ್ಲ, ಅದು. ಒಣಗಿದ ಸೌದೆ ಕಂಡರೆ ಕಿತ್ತಾಡುವ ಊರು ನಮ್ಮದು. ಅದೊಂದನ್ನು ಮಾತ್ರ ಇವತ್ತಿಗೂ ಯಾರೂ ಒಲೆಗೆ ಒಯ್ದಿಲ್ಲ.