ಮಹಡಿ ಮೇಲಿನ ಮೇಲುಸ್ತುವಾರಿ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಸರ್ಕಾರಿ ಗುಮಾಸ್ತನೊಬ್ಬ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದ. ಪಕ್ಕದಲ್ಲಿ ಮನೆ ಮಾಲೀಕ, ಅವನ ಮುದಿ ತಾಯಿ. ಹನಿ ಬಾಟಲಿ ಹಿಡಿದು ನಿಂತ ನರ್ಸಮ್ಮನ ಕಿವಿ ಮಾತ್ರ ತೆರೆದೇ ಇತ್ತು.

“ಸಾರ್, ನಿಮ್ಮ ಆಫೀಸಿಗೇ ಅಂತ ಕೆಳಗಿನ ಮನೆ ಖಾಲಿ ಬಿಟ್ಟು ಕೂತಿದ್ದೀನಿ. ಬಾಡಿಗೆಗೆ ಒಪ್ಪಿಗೆ ಯಾವಾಗ?”

“ಈಗೆಲ್ಲ ಸಲೀಸು. ಕಂಡಕಂಡ ಕಡೆ ಅಲೀಬೇಕಾಗಿಲ್ಲ. ಶಾಸಕರ ಸಮಿತಿ ಮೇಲುಸ್ತುವಾರಿ ಒಂದಿದ್ರೆ ಸಾಕು.”

“ಹಾಗಂದ್ರೆ?”

“ಅವರು ಮೇಲೆ ಕೂತು ನೋಡ್ಬೇಕು. ಮಹಡಿನೂ ಖಾಲಿ ಮಾಡಿ.”

“ಮೇಲೆ ನಮ್ಮಮ್ಮ ಇದ್ದಾರಲ್ಲ ಸಾರ್!”

“ಸುಮ್ನೆ ಇರ್ತಾರಾ, ವಿಚಾರಿಸ್ತಾರಾ?”

“ಬೀದೀಲಿ ಯಾರ ಹೆಜ್ಜೆ ಕೇಳಿದ್ರೂ ಕರೆದು ವಿಚಾರಿಸ್ತಾರೆ.”

“ಹಾಗಾದ್ರೆ ಅವರನ್ನೇ ಸಮಿತಿ ಅಂತ ಬರ್ಕೋತೀನಿ. ಶಾಸಕರಿಗೂ ಮೆಟ್ಟಿಲು ಹತ್ತೋದು ತಪ್ತು. ಅಂದಹಾಗೆ, ಇಲ್ಲಿಗೇನು ಬಂದ್ರಿ?”

“ಅಮ್ಮನ ಕಣ್ಣಿನ ಪೊರೆ ತೆಗೆಸೋಕೆ.”

ಗುಮಾಸ್ತ ಮುಚ್ಚಿದ ಕಣ್ಣಲ್ಲೇ ಹೌಹಾರಿದ. “ಅಯ್ಯೋ, ಬೇಡ! ಸಮಿತಿಗೆ ಎಲ್ಲಾ ಕಾಣಿಸಿಬಿಟ್ರೆ ಯಾವ ಆಫೀಸಿಗೆ ಒಪ್ಪಿಗೆ ಸಿಗುತ್ತೆ ಹೇಳಿ!”

ಮಾಲೀಕ ಅನುಮಾನದಿಂದ ತಾಯಿಯತ್ತ ತಿರುಗಿದ. ಅಷ್ಟರಲ್ಲಿ ಅವರು ಎದ್ದು ನರ್ಸಮ್ಮನ ಕೈ ಹಿಡಿದು ಒಳಗೆ ನಡೆದಾಗಿತ್ತು.

“ಎರಡೂ ಕಣ್ಣಿನ ಪೊರೆ ತೆಗೆಸಿಬಿಡಮ್ಮಾ,” ಎಂದರು.