ಅಜ್ಜಿಯನ್ನು ಎಬ್ಬಿಸಿದ್ದು ಯಾಕೆ?

ಮಾದರಿ ರಾಕೆಟ್ ಹಾರಿಸುವ ಮೈದಾನದಲ್ಲಿ, ಮಗಳ ರಾಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದ ಟೈಲರಮ್ಮನ ಕಿವಿಗೆ ಮುಂದಿದ್ದ ಅಕ್ಕ-ತಮ್ಮನ ಗುಸುಗುಸು ಬೇಡವೆಂದರೂ ಬೀಳುತ್ತಿತ್ತು.

"ಎಂಜಿನ್ ಕೂರಿಸೋ ಕೊಳವೆ ಅಲ್ಲಾಡ್ತಿದೆ ಕಣೋ."

"ನಿನ್ನ ಕೈ ನಡುಗ್ತಿದೆ ಅಷ್ಟೆ. ಗೋಂದು ಕಲ್ಲಾಗಿದೆ."

"ಸೊಟ್ಟಗಿದ್ರೆ ಜನದ ಮೇಲೇ ನುಗ್ಗುತ್ತೆ."

"ನಾನೇ ಅಂಟಿಸಿದ್ದು. ನಂಬಿಕೆ ಇಲ್ವಾ?"

"ನಿನಗೇ ಇಲ್ಲ. ಇದ್ದಿದ್ರೆ ಅಜ್ಜಿನ ಮುಂದಿನ ಸಾಲಿಂದ ಎಬ್ಬಿಸಿ ಹಿಂದೆ ಯಾಕೆ ಕೂರಿಸ್ತಿದ್ದೆ?"

"ಬಿಸಿಲಿತ್ತು."

"ಹಿಂದೇನು ನೆರಳಿದ್ಯಾ?"

ಮೈಕಿನಲ್ಲಿ ಅವರ ಸರದಿ ಕೂಗಿದರು.

"ಮುಂದಿನ ಸಾಲಲ್ಲಿರೋದೂ ಯಾರದೋ ಅಜ್ಜೀನೇ ಕಣೋ. ಹೇಳು, ಹಾರಿಸೋಣ್ವಾ?"

ಅವನು ರಾಕೆಟ್ಟನ್ನು ಎದೆಗವಚಿಕೊಂಡು ಸಾಲು ಬಿಟ್ಟು ಹೊರಟ. ಅಕ್ಕ ಹಿಂದೆಯೇ ನಡೆದಳು.

ಟೈಲರಮ್ಮ ಮಗಳ ರಾಕೆಟ್ಟಿನ ಬುಡಕ್ಕೆ ಬೆರಳಿಟ್ಟು ಮೆಲ್ಲಗೆ ಅಲ್ಲಾಡಿಸಿ ನೋಡಿದಳು.